ನೋಂದಣಿ ಶುಲ್ಕದಲ್ಲಿ ರಿಯಾಯಿತಿ ಸಿಕ್ಕಿದೆ, ಆದರೂ ಸಮ್ಮೇಳನಕ್ಕೆ ಹೋಗುವುದು ಹೇಗೆ?

ಪ್ರಶ್ನೆ – ಅರಿವಳಿಕೆ ವೈದ್ಯೆ

ಎಲ್ಲರಿಗೂ ನಮಸ್ಕಾರ. ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ ಕೆಳಮಧ್ಯಮ ಆದಾಯದ್ದೆಂದು ಗುರುತಿಸಲಾಗಿರುವ ಒಂದು ದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ತಜ್ಞೆ. ಸಿಸೇರಿಯನ್ ಹೆರಿಗೆಗೆ ಬೆನ್ನಿನ ಅರಿವಳಿಕೆ ಕೊಟ್ಟ ಬಳಿಕ ತಾಯಿಯ ರಕ್ತದೊತ್ತಡ ಕುಸಿಯುವುದನ್ನು, ಔಷಧವನ್ನು ಅಳತೆಯಂತೆ ನಿಧಾನವಾಗಿ ರಕ್ತನಾಳಕ್ಕೆ ಹರಿಸುವ ಇನ್‌ಫ್ಯೂಷನ್ ಪಂಪ್ ಇಲ್ಲದ ಕಡೆ ಹೇಗೆ ನಿಭಾಯಿಸಬಹುದೆಂದು ನಮ್ಮ ತಂಡ ಎರಡು ವರ್ಷ ದಾಖಲೆ ಇಟ್ಟು ನೋಡಿತ್ತು. ಆ ಕೆಲಸದ ಅಬ್‌ಸ್ಟ್ರ್ಯಾಕ್ಟ್ (ಸಾರಾಂಶ) ಯುರೋಪಿನಲ್ಲಿ ನಡೆಯಲಿರುವ ಅಂತರರಾಷ್ಟ್ರೀಯ ಸಮ್ಮೇಳನವೊಂದಕ್ಕೆ ಆಯ್ಕೆಯಾಗಿದೆ. ಅದೂ ಗೋಡೆಗೆ ತೂಗುಹಾಕುವ ಪೋಸ್ಟರ್ ಆಗಿ ಅಲ್ಲ, ವೇದಿಕೆಯ ಮೇಲೆ ಹತ್ತು ನಿಮಿಷದ ಮಂಡನೆಯಾಗಿ.

ಪತ್ರ ಬಂದ ದಿನ ಇಡೀ ಆಪರೇಷನ್ ಥಿಯೇಟರ್ ಸಂಭ್ರಮಪಟ್ಟಿತು. ಮರುದಿನ ನಾನು ಲೆಕ್ಕಕ್ಕೆ ಕುಳಿತೆ. ನಮ್ಮಂಥ ದೇಶದವರಿಗೆ ನೋಂದಣಿ ಶುಲ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಇದೆ. ಹಾಗಿದ್ದೂ ಉಳಿಯುವ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರ ಬರುತ್ತದೆ. ವಿಮಾನದ ಟಿಕೆಟ್ಟಿಗೆ ಅಂಥ ರಿಯಾಯಿತಿ ಯಾರೂ ಕೊಡುವುದಿಲ್ಲ, ಹೋಟೆಲುಗಳಂತೂ ಸಮ್ಮೇಳನದ ವಾರದಲ್ಲಿ ದರ ಏರಿಸಿಯೇ ಕುಳಿತಿರುತ್ತವೆ. ವೀಸಾ ಕೊಡುವ ದೂತಾವಾಸ ನಾನಿರುವ ದೇಶದಲ್ಲಿ ಇಲ್ಲವಾದ್ದರಿಂದ ಪಕ್ಕದ ದೇಶದ ರಾಜಧಾನಿಯವರೆಗೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕು. ಎಲ್ಲವನ್ನೂ ಕೂಡಿದರೆ ಆರು ತಿಂಗಳ ಸಂಬಳವಾಗುತ್ತದೆ.

ಸಂಘಟಕರು ಪ್ರಯಾಣ ಅನುದಾನ ಇಟ್ಟಿದ್ದಾರೆ, ನಿಜ. ಆದರೆ ಅದಕ್ಕೆ ನಲವತ್ತು ವರ್ಷದ ವಯೋಮಿತಿ ಇದೆ. ನಾನು ಅದನ್ನು ದಾಟಿ ಎರಡು ವರ್ಷವಾಯಿತು. ಸ್ನಾತಕೋತ್ತರ ಪದವಿಗೆ ಸೀಟು ಸಿಗುವಷ್ಟರಲ್ಲೇ ನಮ್ಮಲ್ಲಿ ಅನೇಕರಿಗೆ ಮೂವತ್ತೈದು ತುಂಬಿರುತ್ತದೆ ಎಂಬುದನ್ನು ಆ ನಿಯಮ ಬರೆದವರು ಯೋಚಿಸಿದಂತಿಲ್ಲ. ವಯಸ್ಸಿನ ವಿನಾಯಿತಿ ಸಿಕ್ಕಿತೆಂದೇ ಇಟ್ಟುಕೊಂಡರೂ, ಹಣ ಕೈಗೆ ಬರುವುದು ಸಮ್ಮೇಳನ ಮುಗಿದು, ಬೋರ್ಡಿಂಗ್ ಪಾಸು ಮತ್ತು ರಸೀದಿಗಳನ್ನು ಕಳುಹಿಸಿದ ಮೇಲೆ. ಮೊದಲು ಅಷ್ಟು ಹಣವನ್ನು ಹೊಂದಿಸಬಲ್ಲವರಿಗೆ ಮಾತ್ರ ಸಿಗುವ ನೆರವು ಅದು. ಇದರ ಜೊತೆಗೆ, ಕಡಿಮೆ ದರದ ನೋಂದಣಿಯ ಗಡುವು ಅನುದಾನದ ಫಲಿತಾಂಶ ಪ್ರಕಟವಾಗುವುದಕ್ಕೆ ಮೂರು ವಾರ ಮೊದಲೇ ಮುಗಿಯುತ್ತದೆ.

ಯಾವ ಅರ್ಜಿಯಲ್ಲೂ ತುಂಬಲಾಗದ ಇನ್ನೊಂದು ಖರ್ಚಿದೆ. ಲಕ್ಷ ಜನಸಂಖ್ಯೆಗೆ ಕನಿಷ್ಠ 5 ಮಂದಿ ಅರಿವಳಿಕೆ ತಜ್ಞರಾದರೂ ಇರಬೇಕೆಂಬುದು ಅರಿವಳಿಕೆ ವೈದ್ಯ ಸಂಘಗಳ ವಿಶ್ವ ಒಕ್ಕೂಟ ಹಾಕಿಕೊಂಡಿರುವ ಗುರಿ. ನಾವು ಅದರ ಹತ್ತಿರದಲ್ಲೂ ಇಲ್ಲ. ನಾನು ಒಂದು ವಾರ ಇಲ್ಲವೆಂದರೆ ಮುಂಚಿತವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಗಳೆಲ್ಲ ಮುಂದಕ್ಕೆ ಹೋಗುತ್ತವೆ, ತುರ್ತು ಹೆರಿಗೆಗಳನ್ನು ಎರಡು ಗಂಟೆ ದೂರದ ಆಸ್ಪತ್ರೆಗೆ ಕಳುಹಿಸಬೇಕಾಗುತ್ತದೆ.

ಆದ್ದರಿಂದ ನನ್ನ ಪ್ರಶ್ನೆ ಎರಡು ಬಗೆಯದು. ಇಂಥ ಪರಿಸ್ಥಿತಿಯಲ್ಲಿ ಹೋಗಿ ಬಂದವರು ಹಣವನ್ನು ಹೇಗೆ ಹೊಂದಿಸಿದಿರಿ, ಸಂಘಟಕರೊಂದಿಗೆ ಏನನ್ನು ಕೇಳಿ ಪಡೆಯಬಹುದು? ಅದಕ್ಕಿಂತ ಮೊದಲು, ಹೋಗುವುದು ಇಷ್ಟು ಖರ್ಚಿಗೆ ತಕ್ಕದ್ದೇ? ಸಮಾಧಾನದ ಮಾತು ಬೇಡ, ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಉತ್ತರ – ಸಂಘಟನಾ ಸಮಿತಿಯ ಹಳಬ

ಮೇಡಂ, ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದವನು. ಒಂದು ಅಂತರರಾಷ್ಟ್ರೀಯ ವೈದ್ಯ ಸಂಘದ ಸಮ್ಮೇಳನ ಸಮಿತಿಯಲ್ಲಿ ಕೆಲವು ವರ್ಷ ಇದ್ದೆ. ಒಳಗಿನ ಲೆಕ್ಕ ಹೇಗಿರುತ್ತದೆಂದು ತಿಳಿದರೆ ಎಲ್ಲಿ ಕೇಳಿದರೆ ಸಿಗುತ್ತದೆ, ಎಲ್ಲಿ ಕೇಳಿ ಪ್ರಯೋಜನವಿಲ್ಲ ಎಂಬುದು ನಿಮಗೆ ಸ್ಪಷ್ಟವಾಗಬಹುದು.

ಸಮ್ಮೇಳನದ ದೊಡ್ಡ ಖರ್ಚುಗಳಾದ ಸಭಾಂಗಣದ ಬಾಡಿಗೆ, ಧ್ವನಿವರ್ಧಕ ಮತ್ತು ಪರದೆಗಳ ವ್ಯವಸ್ಥೆ, ಆಹ್ವಾನಿತ ಭಾಷಣಕಾರರ ಪ್ರಯಾಣ, ನಿರ್ವಹಣಾ ಸಂಸ್ಥೆಯ ಶುಲ್ಕ, ಇವೆಲ್ಲವೂ ನೂರು ಮಂದಿ ಹೆಚ್ಚು ಬಂದ ಮಾತ್ರಕ್ಕೆ ಏರುವಂಥವಲ್ಲ. ತಲೆಯ ಲೆಕ್ಕದಲ್ಲಿ ಏರುವುದು ಊಟ, ಕಾಫಿ ಮತ್ತು ಕೊರಳಿಗೆ ಹಾಕುವ ಬ್ಯಾಡ್ಜು, ಅಷ್ಟೇ. ಅಂದರೆ ನಿಮ್ಮಂಥವರಿಗೆ ನೋಂದಣಿಯನ್ನು ಪೂರ್ತಿ ಮನ್ನಾ ಮಾಡಿದರೆ ಸಂಘದ ಕೈಯಿಂದ ನಿಜವಾಗಿ ಹೋಗುವ ಹಣ ಬಹಳ ಕಡಿಮೆ. ಹಾಗಿದ್ದರೆ ಏಕೆ ಮಾಡುವುದಿಲ್ಲ? ಅನೇಕ ಸಂಘಗಳು ವರ್ಷವಿಡೀ ಕಚೇರಿ ನಡೆಸುವುದು ಸಮ್ಮೇಳನದಲ್ಲಿ ಉಳಿದ ಹಣದಿಂದ. ಆದಕಾರಣ ಆಯವ್ಯಯ ಪಟ್ಟಿಯಲ್ಲಿ ‘ಮನ್ನಾ’ ಎಂಬ ಪದ ಕಂಡ ಕೂಡಲೇ ಖಜಾಂಚಿಯ ಹುಬ್ಬು ಗಂಟಾಗುತ್ತದೆ. ನಾನೂ ಒಂದು ವರ್ಷ ಖಜಾಂಚಿಯಾಗಿದ್ದೆ, ನನ್ನ ಹುಬ್ಬೂ ಗಂಟಾಗಿತ್ತು.

ಇನ್ನು ರಿಯಾಯಿತಿಗೆ ಆಧಾರವಾಗುವ ಆ ವಿಶ್ವ ಬ್ಯಾಂಕಿನ ಪಟ್ಟಿ. ಪ್ರತಿ ವರ್ಷ ಜುಲೈ 1ರಂದು ದೇಶಗಳನ್ನು ತಲಾ ರಾಷ್ಟ್ರೀಯ ಆದಾಯದ ಮೇಲೆ ನಾಲ್ಕು ಗುಂಪಾಗಿ ವಿಂಗಡಿಸುತ್ತಾರೆ. 2024ರ ಜುಲೈ ಪಟ್ಟಿಯಲ್ಲಿ 1,145 ಡಾಲರ್‌ವರೆಗೆ ಕಡಿಮೆ ಆದಾಯ, 4,515ರವರೆಗೆ ಕೆಳಮಧ್ಯಮ, 14,005ರವರೆಗೆ ಮೇಲ್ಮಧ್ಯಮ ಎಂದಿತ್ತು. ಸಂಘಟಕರಿಗೆ ಇದು ಅನುಕೂಲ, ಏಕೆಂದರೆ ಯಾರೊಂದಿಗೂ ವಾದಿಸಬೇಕಾಗಿಲ್ಲ, ದೇಶದ ಹೆಸರು ನೋಡಿದರೆ ಸಾಕು. ಆದರೆ ಅದು ಅಳೆಯುವುದು ದೇಶವನ್ನು, ವೈದ್ಯರ ಜೇಬನ್ನಲ್ಲ. ಲೆಬನಾನಿನ ಕರೆನ್ಸಿ 2019ರಿಂದಲೇ ಕುಸಿಯತೊಡಗಿ ಅಲ್ಲಿನ ವೈದ್ಯರ ಸಂಬಳ ಡಾಲರಿನ ಲೆಕ್ಕದಲ್ಲಿ ಕರಗಿಹೋದರೂ, ಆ ದೇಶ ಮೇಲ್ಮಧ್ಯಮದಿಂದ ಕೆಳಮಧ್ಯಮಕ್ಕೆ ಇಳಿದದ್ದು 2022ರ ಜುಲೈಯಲ್ಲಿ. ನಡುವಿನ ವರ್ಷಗಳಲ್ಲಿ ಈ ಪಟ್ಟಿಯನ್ನೇ ನಂಬಿಕೊಂಡ ಯಾವ ಸಮ್ಮೇಳನಕ್ಕೂ ಆ ವೈದ್ಯರ ಕಷ್ಟ ಕಾಣಿಸುವಂತಿರಲಿಲ್ಲ. 2023ರಲ್ಲಿ ಜಾಂಬಿಯಾ ಮತ್ತು ಗಿನಿ ಒಂದು ಮೆಟ್ಟಿಲು ಮೇಲೇರಿದವು. ಅಲ್ಲಿನ ವೈದ್ಯರ ಸಂಬಳ ಆ ಜುಲೈ 1ರ ಬೆಳಗ್ಗೆ ಏರಲಿಲ್ಲ. ವೆನೆಜುವೆಲಾ 2021ರಿಂದ ಯಾವ ಗುಂಪಿನಲ್ಲೂ ಇಲ್ಲ, ಏಕೆಂದರೆ ನಂಬಲರ್ಹ ಅಂಕಿ-ಅಂಶ ಸಿಗುತ್ತಿಲ್ಲ. ಅಲ್ಲಿನ ವೈದ್ಯರು ನೋಂದಣಿ ನಮೂನೆಯಲ್ಲಿ ಯಾವ ಗುಂಪನ್ನು ಆರಿಸಬೇಕು? ಮತ್ತೊಂದು ಕಡೆ, ಬಡ ದೇಶದ ರಾಜಧಾನಿಯಲ್ಲಿ ಸ್ವಂತ ನರ್ಸಿಂಗ್ ಹೋಮ್ ನಡೆಸುವವರಿಗೆ ರಿಯಾಯಿತಿ ತಾನಾಗಿ ಸಿಗುತ್ತದೆ. ಯುದ್ಧದಿಂದ ಓಡಿಬಂದು ಶ್ರೀಮಂತ ದೇಶದಲ್ಲಿ ಪರವಾನಗಿಗಾಗಿ ಕಾಯುತ್ತಿರುವ ವೈದ್ಯನಿಗೆ ಸಿಗುವುದಿಲ್ಲ.

ನಿಮಗೆ ಉಪಯೋಗವಾಗುವ ಮಾತಿಗೆ ಬರುತ್ತೇನೆ. ಶುಲ್ಕವನ್ನು ಇನ್ನಷ್ಟು ಇಳಿಸಿ ಎಂದು ಕೇಳಬೇಡಿ. ಹಣ ಕೊಡುವ ಕ್ರಮವನ್ನು ಬದಲಿಸಿ ಎಂದು ಕೇಳಿ. ಸಮಿತಿಗೆ ಅದು ಅಗ್ಗ, ನಿಮಗೆ ಅದೇ ಮುಖ್ಯ. ವೇದಿಕೆಯ ಮಂಡನೆಗೆ ಆಯ್ಕೆಯಾದವರನ್ನು ಕಳೆದುಕೊಳ್ಳಲು ಯಾವ ವೈಜ್ಞಾನಿಕ ಸಮಿತಿಯೂ ಇಷ್ಟಪಡುವುದಿಲ್ಲ, ಏಕೆಂದರೆ ಕಾರ್ಯಕ್ರಮ ಪಟ್ಟಿಯಲ್ಲಿ ಹತ್ತು ನಿಮಿಷ ಖಾಲಿ ಬೀಳುತ್ತದೆ. ಆದ್ದರಿಂದ ನೋಂದಣಿ ಇಲಾಖೆಗೆ ಬರೆಯದೆ ವೈಜ್ಞಾನಿಕ ಸಮಿತಿಯ ಅಧ್ಯಕ್ಷರಿಗೇ ಬರೆಯಿರಿ. ನೋಂದಣಿ ಕಛೇರಿ ನಡೆಸುವುದು ಗುತ್ತಿಗೆ ಸಂಸ್ಥೆ. ಅವರಿಗೆ ನಿಯಮ ಸಡಿಲಿಸುವ ಅಧಿಕಾರವೂ ಇಲ್ಲ, ಆಸಕ್ತಿಯೂ ಇಲ್ಲ. ಹಣ ಕಟ್ಟುವ ಮೊದಲೇ ಆಹ್ವಾನ ಪತ್ರ ಕೊಡಿ, ಅನುದಾನದ ಫಲಿತಾಂಶ ಬರುವವರೆಗೆ ಕಡಿಮೆ ದರವನ್ನು ಕಾಯ್ದಿರಿಸಿ, ವೀಸಾ ನಿರಾಕರಣೆಯಾದರೆ ನೋಂದಣಿ ಹಣವನ್ನು ಪೂರ್ತಿ ಮರಳಿಸುತ್ತೇವೆಂದು ಬರಹದಲ್ಲಿ ತಿಳಿಸಿ, ಅನುದಾನವಾದರೆ ವಿಮಾನದ ಟಿಕೆಟ್ಟನ್ನೂ ಹೋಟೆಲನ್ನೂ ಸಂಘವೇ ನೇರವಾಗಿ ಕಾಯ್ದಿರಿಸಲಿ ಎಂದು ಕೇಳಿ. ವಯೋಮಿತಿಯ ಬಗ್ಗೆ ‘ತಜ್ಞ ತರಬೇತಿ ಮುಗಿಸಿ ಇಷ್ಟು ವರ್ಷ’ ಎಂದು ಎಣಿಸುವಂತೆ ಕೇಳುವುದು ನ್ಯಾಯವಾದದ್ದು; ನಮ್ಮ ಸಮಿತಿ ಒಮ್ಮೆ ಒಪ್ಪಿತ್ತು.

ಉತ್ತರ – ಮಕ್ಕಳ ವೈದ್ಯ

ಮೇಲಿನ ಸಲಹೆಗಳಲ್ಲಿ ವೀಸಾ ನಿರಾಕರಣೆಯ ಮಾತನ್ನು ಮೊದಲ ಸಾಲಿಗೆ ತರಬೇಕೆಂದು ನನ್ನ ಅನುಭವ ಹೇಳುತ್ತದೆ. ನನ್ನ ಹಣ ಮುಳುಗಿದ್ದು ಅಲ್ಲಿಯೇ.

ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ನಿಯಮವನ್ನೇ ನೋಡಿ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೆ ಹೋಗಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೊ, ನಿರಾಕರಿಸಿದರೂ ಮರಳಿ ಬಾರದು. ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ ಕಡ್ಡಾಯ. ಇವುಗಳ ಜೊತೆಗೆ ಪ್ರಯಾಣದ ಕಾಯ್ದಿರಿಸುವಿಕೆ, ವಸತಿಯ ದಾಖಲೆ, ಬ್ಯಾಂಕ್ ಖಾತೆಯ ವಿವರ. ಬರಿಯ 90 ಯೂರೊ ದೊಡ್ಡ ಮೊತ್ತವೆಂದು ನಾನು ಹೇಳುತ್ತಿಲ್ಲ; ಆದರೆ ತೀರ್ಮಾನ ಏನೆಂದು ತಿಳಿಯುವ ಮೊದಲೇ ನೋಂದಣಿ, ವಿಮೆ, ಪಕ್ಕದ ದೇಶಕ್ಕೆ ಹೋಗಿಬರುವ ಖರ್ಚು ಎಲ್ಲವೂ ಕೈಬಿಟ್ಟಿರುತ್ತವೆ. ಶ್ರೀಮಂತ ದೇಶದ ಪಾಸ್‌ಪೋರ್ಟ್ ಇರುವ ವೈದ್ಯರಿಗೆ ಈ ಹಂತವೇ ಇರುವುದಿಲ್ಲ. ಇಬ್ಬರೂ ಒಂದೇ ಶುಲ್ಕ ಕಟ್ಟಿದ್ದರೂ ಅವರು ಕೊಂಡದ್ದು ಪ್ರವೇಶ, ನಾವು ಕೊಂಡದ್ದು ಲಾಟರಿ ಚೀಟಿ.

ನನ್ನ ಅರ್ಜಿಯನ್ನು ಸಮ್ಮೇಳನಕ್ಕೆ ಹನ್ನೊಂದು ದಿನವಿದ್ದಾಗ ನಿರಾಕರಿಸಿದರು. ಕಾರಣದ ಚೌಕದಲ್ಲಿ ಇದ್ದ ಗುರುತು: ವೀಸಾ ಅವಧಿ ಮುಗಿಯುವ ಮೊದಲು ಮರಳುವ ಉದ್ದೇಶದ ಬಗ್ಗೆ ಸಂಶಯವಿದೆ. ಎಂಟು ವರ್ಷದಿಂದ ಒಂದೇ ವಾರ್ಡಿನ ಹೊಣೆ ಹೊತ್ತವನ ಬಗ್ಗೆ ಬರೆದ ಮಾತು ಅದು. ನೋಂದಣಿಯ ‘ರದ್ದತಿ ಗಡುವು’ ಆಗಲೇ ದಾಟಿದ್ದರಿಂದ ಹಣ ಮರಳಲಿಲ್ಲ. ನನ್ನ ಪ್ರಬಂಧವನ್ನು ಸಹಲೇಖಕರಾಗಿದ್ದ ಶ್ರೀಮಂತ ದೇಶದ ಪ್ರಾಧ್ಯಾಪಕರೊಬ್ಬರು ಓದಿದರು. ಸಜ್ಜನರು, ನನ್ನ ಹೆಸರನ್ನು ಮೊದಲ ಸ್ಲೈಡಿನಲ್ಲೇ ಹೇಳಿದರಂತೆ. ಆದರೆ ನಮ್ಮ ವಾರ್ಡಿನಲ್ಲಿ ಆಮ್ಲಜನಕ ನಿಂತಾಗ ಏನು ಮಾಡುತ್ತೇವೆಂದು ಸಭಿಕರೊಬ್ಬರು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ, ಅವರು ಅಲ್ಲಿ ಒಂದು ರಾತ್ರಿಯೂ ಕಳೆದವರಲ್ಲವಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 2018ರಲ್ಲಿ ಲಿವರ್‌ಪೂಲ್‌ನಲ್ಲಿ ಆರೋಗ್ಯ ವ್ಯವಸ್ಥೆಗಳ ಸಂಶೋಧನೆಯ ಜಾಗತಿಕ ಗೋಷ್ಠಿ ನಡೆದಾಗಲೂ, 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆದಾಗಲೂ ಆಫ್ರಿಕಾದ ಮತ್ತಿತರ ಬಡ ದೇಶಗಳ ಅನೇಕರಿಗೆ ವೀಸಾ ಸಿಗದೆ ಬಹಿರಂಗವಾಗಿಯೇ ಪ್ರತಿಭಟನೆಯಾಯಿತು. ವಿಪರ್ಯಾಸವೆಂದರೆ ಎರಡರ ವಿಷಯವೂ ಮುಖ್ಯವಾಗಿ ಆ ದೇಶಗಳ ರೋಗಿಗಳದ್ದೇ. ‘ವೀಸಾ ನಮ್ಮ ಕೈಯಲ್ಲಿಲ್ಲ’ ಎಂದು ಸಂಘಟಕರು ಹೇಳುತ್ತಾರೆ. ಅರ್ಧ ನಿಜ. ವೀಸಾ ಅವರ ಕೈಯಲ್ಲಿಲ್ಲ, ಊರು ಅವರ ಕೈಯಲ್ಲಿದೆ. ಎಚ್‌ಐವಿ ಸೋಂಕಿತರ ಪ್ರವೇಶಕ್ಕೆ ಅಮೆರಿಕ 1987ರಲ್ಲಿ ನಿರ್ಬಂಧ ಹಾಕಿದ ಕಾರಣ, 1992ರ ಏಡ್ಸ್ ಸಮ್ಮೇಳನವನ್ನು ಬೋಸ್ಟನ್ನಿನಿಂದ ಆಮ್‌ಸ್ಟರ್‌ಡಾಮಿಗೆ ಸ್ಥಳಾಂತರಿಸಿದರು. ಆ ನಿರ್ಬಂಧ 2010ರ ಜನವರಿಯಲ್ಲಿ ತೆರವಾಯಿತು. ಆ ಬಳಿಕ, 2012ರಲ್ಲಿ, ಸಮ್ಮೇಳನ ವಾಷಿಂಗ್ಟನ್ನಿಗೆ ಹೋಯಿತು. ಮನಸ್ಸಿದ್ದರೆ ಊರು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ.

ಹೋಗುವುದು ತಕ್ಕದ್ದೇ ಎಂದು ಕೇಳಿದ್ದೀರಿ. ನಾನು ಅದನ್ನು ತಿರುಗಿಸಿ ನೋಡುತ್ತೇನೆ: ನೀವು ಬಾರದಿದ್ದರೆ ಅವರಿಗೇನು ನಷ್ಟ? ಆಘಾತ ಸ್ಥಿತಿಗೆ ಜಾರುತ್ತಿರುವ ಮಗುವಿಗೆ ರಕ್ತನಾಳದ ಮೂಲಕ ವೇಗವಾಗಿ ದ್ರವ ಕೊಡಬೇಕೆಂದು ನಮಗೆಲ್ಲ ಕಲಿಸಿದ್ದರು. ಉಗಾಂಡ, ಕೆನ್ಯಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ತೀವ್ರ ಜ್ವರದೊಂದಿಗೆ ರಕ್ತ ಪರಿಚಲನೆ ಕುಂದಿದ್ದ 3,141 ಮಕ್ಕಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ‘ಫೀಸ್ಟ್’ ಅಧ್ಯಯನ, ಹಾಗೆ ದ್ರವ ಕೊಟ್ಟ ಮಕ್ಕಳಲ್ಲಿ 48 ಗಂಟೆಯೊಳಗೆ ಸುಮಾರು ಶೇಕಡ 10.5ರಷ್ಟು, ಕೊಡದ ಮಕ್ಕಳಲ್ಲಿ ಶೇಕಡ 7.3ರಷ್ಟು ಸಾವು ಕಂಡಿತು. ತೀವ್ರ ನಿಗಾ ಘಟಕವಿರುವ ಊರಿನಲ್ಲಿ ಕುಳಿತು ಬರೆದ ಪಾಠ, ಅದಿಲ್ಲದ ವಾರ್ಡಿನಲ್ಲಿ ತಿರುಗುಬಾಣವಾಗಿತ್ತು. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅಂಥ ವಾರ್ಡುಗಳಲ್ಲೇ ಅಧ್ಯಯನ ನಡೆಯಬೇಕಾಯಿತು. ಪಂಪ್ ಇಲ್ಲದ ಕಡೆ ರಕ್ತದೊತ್ತಡ ನಿಭಾಯಿಸುವ ನಿಮ್ಮ ಕೆಲಸವೂ ಅದೇ ಜಾತಿಯದು.

ಉತ್ತರ – ಒಳರೋಗ ತಜ್ಞ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ. ಇಂಥ ಸಮ್ಮೇಳನಗಳಿಗೆ ಆರು ಬಾರಿ ಹೋಗಿದ್ದೇನೆ. ಅದರಲ್ಲಿ ಐದು ಬಾರಿ ಔಷಧ ಅಥವಾ ಉಪಕರಣ ಕಂಪನಿಗಳ ಹಣದಲ್ಲಿ. ಬಡ ದೇಶಗಳ ವೈದ್ಯರು ಇಲ್ಲಿಯವರೆಗೆ ಹೋಗಿ ಬಂದದ್ದರಲ್ಲಿ ಆ ಹಣದ ಪಾಲು ಎಷ್ಟೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ. ಹೋಗುವಾಗ ಯಾರೂ ಏನನ್ನೂ ಬರೆಸಿಕೊಳ್ಳುವುದಿಲ್ಲ. ಬಂದ ಮೇಲೆ ಆ ಪ್ರತಿನಿಧಿ ಹೊರರೋಗಿ ವಿಭಾಗದ ಬಾಗಿಲಲ್ಲಿ ನಗುತ್ತ ನಿಂತಾಗ, ಚೀಟಿ ಬರೆಯುವ ಕೈ ಒಂದು ಕ್ಷಣ ಯೋಚಿಸುತ್ತದೆ. ಆ ಕ್ಷಣ ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ಆರನೆಯ ಬಾರಿ ನನ್ನ ಹಣದಲ್ಲಿ ಹೋದೆ, ಆ ಸಾಲ ತೀರಿಸಲು ಹದಿನಾಲ್ಕು ತಿಂಗಳು ಹಿಡಿಯಿತು.

ಆ ದಾರಿಯೂ ಈಗ ಕಿರಿದಾಗುತ್ತಿದೆ. ಯುರೋಪಿನ ವೈದ್ಯಕೀಯ ಉಪಕರಣ ಉದ್ಯಮದ ಒಕ್ಕೂಟವಾದ ಮೆಡ್‌ಟೆಕ್ ಯುರೋಪ್, ಬೇರೆಯವರು ಸಂಘಟಿಸುವ ಸಮ್ಮೇಳನಗಳಿಗೆ ವೈದ್ಯರನ್ನು ಹೆಸರು ಹಿಡಿದು ಪ್ರಾಯೋಜಿಸುವುದನ್ನು 2018ರ ಜನವರಿ 1ರಿಂದ ತನ್ನ ಸದಸ್ಯರಿಗೆ ನಿಷೇಧಿಸಿತು. ಕೊಡುವುದಿದ್ದರೆ ಸಂಸ್ಥೆಗಳಿಗೆ ಶೈಕ್ಷಣಿಕ ಅನುದಾನವಾಗಿ ಕೊಡಬೇಕು, ಯಾರು ಹೋಗಬೇಕೆಂದು ಕಂಪನಿ ಆರಿಸುವಂತಿಲ್ಲ. ನಿಯಮ ಒಳ್ಳೆಯದು. ಆದರೆ ಅಂಥ ಅನುದಾನವನ್ನು ಪಡೆದು, ಲೆಕ್ಕವಿಟ್ಟು, ಹಂಚಬಲ್ಲ ಸಂಸ್ಥೆ ಇರುವುದು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ. ಜಿಲ್ಲಾ ಆಸ್ಪತ್ರೆಯ ವೈದ್ಯೆಯ ಹೆಸರು ಆ ಪಟ್ಟಿಗೆ ಬರುವುದು ಅಪರೂಪ.

ಎಚ್ಚರಿಕೆಯ ಮಾತೊಂದು, ಈ ಸಮ್ಮೇಳನದ ಬಗ್ಗೆ ಅಲ್ಲ, ಸಾಮಾನ್ಯವಾಗಿ. ಹೋಗಬೇಕೆಂಬ ಹಂಬಲ ಇರುವಲ್ಲಿ ಮೋಸವೂ ಇರುತ್ತದೆ. ಹೊಗಳಿಕೆಯ ಇಮೇಲ್ ಕಳುಹಿಸಿ, ಯಾವ ಅಬ್‌ಸ್ಟ್ರ್ಯಾಕ್ಟನ್ನಾದರೂ ಒಪ್ಪಿ ಹಣ ಕಟ್ಟಿಸಿಕೊಳ್ಳುವ ‘ಅಂತರರಾಷ್ಟ್ರೀಯ’ ಸಮ್ಮೇಳನಗಳ ದಂಧೆಯೇ ಇದೆ. ಒಮಿಕ್ಸ್ ಎಂಬ ಪ್ರಕಾಶನ ಮತ್ತು ಸಮ್ಮೇಳನ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಮೊತ್ತ ಕಟ್ಟುವಂತೆ ತೀರ್ಪಿತ್ತಿತು; ಒಪ್ಪಿಗೆಯಿಲ್ಲದೆ ಪ್ರಸಿದ್ಧ ಸಂಶೋಧಕರ ಹೆಸರುಗಳನ್ನು ಸಮ್ಮೇಳನದ ಪ್ರಚಾರಕ್ಕೆ ಬಳಸಿದ್ದು ಆರೋಪಗಳಲ್ಲಿ ಒಂದಾಗಿತ್ತು. ‘ಬಡ ದೇಶದವರಿಗೆ ವಿಶೇಷ ದರ’ ಎಂಬುದು ಇಂಥವರ ಜಾಹೀರಾತಿನಲ್ಲೂ ಇರುತ್ತದೆ.

ಕಲಿಯುವುದಷ್ಟೇ ಉದ್ದೇಶವಾದರೆ ವಿಮಾನ ಹತ್ತಬೇಕಾಗಿಲ್ಲ ಎಂಬುದು ನನ್ನ ನಂಬಿಕೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ ಅವರು ಆರಂಭಿಸಿದ ‘ಎಕೊ’ ಯೋಜನೆಯಲ್ಲಿ ದೂರದ ಊರುಗಳ ವೈದ್ಯರು ವಾರಕ್ಕೊಮ್ಮೆ ವಿಡಿಯೊ ಮೂಲಕ ತಮ್ಮ ಹೆಪಟೈಟಿಸ್ ಸಿ ರೋಗಿಗಳ ವಿವರ ಮುಂದಿಟ್ಟು ತಜ್ಞರೊಂದಿಗೆ ಚರ್ಚಿಸುತ್ತಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಗುಣ ಕಂಡವರು ಶೇಕಡ 57.5, ಈ ಊರುಗಳಲ್ಲಿ ಶೇಕಡ 58.2. ಸಮ್ಮೇಳನದ ಮೂರು ದಿನದಲ್ಲಿ ಕತ್ತಲೆ ಸಭಾಂಗಣದಲ್ಲಿ ನೋಡುವ ನಾನೂರು ಸ್ಲೈಡುಗಳಿಂದ ನನ್ನ ಒಬ್ಬ ರೋಗಿಗಾದರೂ ಅಷ್ಟು ಲಾಭವಾಗಿದೆಯೇ ಎಂದು ಕೇಳಿಕೊಂಡಾಗ ನನ್ನಲ್ಲಿ ದಿಟ್ಟ ಉತ್ತರವಿಲ್ಲ. ನನ್ನ ಮಟ್ಟಿಗೆ ಆರು ತಿಂಗಳ ಸಂಬಳ ಹೆಚ್ಚಾಯಿತು. ಧ್ವನಿಮುದ್ರಿತ ಮಂಡನೆ ಕಳುಹಿಸಿ, ಪ್ರಶ್ನೋತ್ತರಕ್ಕೆ ಆನ್‌ಲೈನಿನಲ್ಲಿ ಸೇರಿಕೊಳ್ಳಿ.

ಉತ್ತರ – ಕಿರಿಯ ಸ್ಥಾನಿಕ ವೈದ್ಯ

ಸರ್, ಆನ್‌ಲೈನ್ ವಿಷಯದಲ್ಲಿ ಒಂದು ಸಣ್ಣ ತಿದ್ದುಪಡಿ. 2020ರಲ್ಲಿ ಎಲ್ಲವೂ ಪರದೆಗೆ ಬಂದಾಗ ನನ್ನಂಥವರಿಗೆ ಮೊದಲ ಬಾರಿಗೆ ಬಾಗಿಲು ತೆರೆದಿತ್ತು. ಈಗ ‘ಹೈಬ್ರಿಡ್’ ಎಂದು ಹೇಳಿಕೊಳ್ಳುವ ಅನೇಕ ಕಡೆ ಆನ್‌ಲೈನ್ ಶುಲ್ಕ ಮುಖತಃ ಹೋಗುವ ಶುಲ್ಕಕ್ಕಿಂತ ಹೆಚ್ಚೇನೂ ಕಡಿಮೆಯಿಲ್ಲ, ಕಾರ್ಯಾಗಾರಗಳು ಅದರಲ್ಲಿ ಸೇರಿರುವುದಿಲ್ಲ, ನೇರ ಪ್ರಸಾರ ನಮ್ಮ ಸಮಯಕ್ಕೆ ನಡುರಾತ್ರಿ. ಮಾತಿನ ನಡುವೆ ಸಂಪರ್ಕ ಕಡಿದಾಗ ಅಧ್ಯಕ್ಷರು ಮುಂದಿನವರನ್ನು ಕರೆದುಬಿಡುತ್ತಾರೆ. ನನಗೆ ಹಾಗೆ ಆಗಿದೆ. ಎರಡು ನಿಮಿಷವಾದರೂ ಕಾಯಬಹುದಿತ್ತು.

ಉತ್ತರ – ಸಮುದಾಯ ಆರೋಗ್ಯ

ಒಳರೋಗ ತಜ್ಞರು ಕಲಿಕೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ‘ಎಕೊ’ ಮಾದರಿಯ ಬಗ್ಗೆ ನನಗೂ ಗೌರವವಿದೆ. ಆದರೆ ಸಮ್ಮೇಳನವನ್ನು ಪಾಠಶಾಲೆಯೆಂದು ಮಾತ್ರ ನೋಡಿದರೆ ಅದರ ಅರ್ಧ ಕೆಲಸ ಕಾಣಿಸುವುದಿಲ್ಲ. ಯಾವ ಪ್ರಶ್ನೆ ಮುಖ್ಯ, ಯಾವುದಕ್ಕೆ ಹಣ ಹರಿಯಬೇಕು, ಮಾರ್ಗಸೂಚಿ ಬರೆಯುವ ತಂಡದಲ್ಲಿ ಯಾರಿರಬೇಕು ಎಂಬುದು ತೀರ್ಮಾನವಾಗುವುದು ವೇದಿಕೆಯ ಮೇಲಲ್ಲ, ಕಾಫಿಯ ಬಿಡುವಿನಲ್ಲಿ. ಅಲ್ಲಿಗೆ ಲಿಂಕ್ ಕಳುಹಿಸಲಾಗದು.

2000ದ ಜುಲೈಯಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ನಡೆದ ಏಡ್ಸ್ ಸಮ್ಮೇಳನವನ್ನು ನೆನಪಿಸಿಕೊಳ್ಳಿ. ಆ ಸಮ್ಮೇಳನ ಆಫ್ರಿಕಾ ಖಂಡದಲ್ಲಿ ನಡೆದದ್ದು ಅದೇ ಮೊದಲು. ಶ್ರೀಮಂತ ದೇಶಗಳಲ್ಲಿ ಮೂರು ಔಷಧಗಳ ಚಿಕಿತ್ಸೆ ಬಳಕೆಗೆ ಬಂದು ನಾಲ್ಕು ವರ್ಷವಾಗಿತ್ತು, ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮೀರಿ ಖರ್ಚಾಗುತ್ತಿತ್ತು. ಆ ದೇಶದ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದ ಎಡ್ವಿನ್ ಕ್ಯಾಮರನ್ ಅವರು ತಮಗೂ ಎಚ್‌ಐವಿ ಸೋಂಕಿದೆಯೆಂದೂ, ಔಷಧದ ಬೆಲೆ ತೆರಬಲ್ಲವರಾದ್ದರಿಂದ ತಾವು ಬದುಕಿರುವುದಾಗಿಯೂ ಅದೇ ವೇದಿಕೆಯಿಂದ ಹೇಳಿದರು. ಅದುವರೆಗೆ ಪ್ರಯೋಗಾಲಯದ ಫಲಿತಾಂಶಗಳ ಸುತ್ತ ಸುತ್ತುತ್ತಿದ್ದ ಚರ್ಚೆ ಬೆಲೆಯ ಕಡೆಗೆ ಹೊರಳಿತು. 2001ರ ಫೆಬ್ರುವರಿಯಲ್ಲಿ ಭಾರತದ ಔಷಧ ತಯಾರಕ ಸಿಪ್ಲಾ ಕಂಪನಿ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಗೆ ತಿಳಿಸಿತು. ಒಂದು ಸಮ್ಮೇಳನದಿಂದಲೇ ಬೆಲೆ ಇಳಿಯಿತೆಂದು ಹೇಳುವುದು ಅತಿಶಯವಾದೀತು. ಹಿಂದೆ ಹೋರಾಟ, ನ್ಯಾಯಾಲಯ, ರಾಜಕೀಯ ಎಲ್ಲವೂ ಇದ್ದವು. ಆದರೆ ಬೆಲೆ ತೆರಲಾಗದವರು ಅದೇ ಊರಿನಲ್ಲಿ, ಸಭಾಂಗಣದ ಹೊರಗಿನ ಬೀದಿಯಲ್ಲೇ ಇದ್ದರೆಂಬುದು ಒಳಗಿನ ಮಾತನ್ನು ಬದಲಿಸಿತು.

ಆದ್ದರಿಂದ ದೀರ್ಘಾವಧಿಯಲ್ಲಿ ನಾನು ಕೇಳುವುದು ಅನುದಾನವನ್ನಲ್ಲ, ಊರನ್ನು. ವೈದ್ಯಕೀಯ ಪತ್ರಿಕೆಗಳ ವಿಷಯದಲ್ಲಿ 2002ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಪ್ರಕಾಶಕರೊಂದಿಗೆ ಸೇರಿ ‘ಹಿನಾರಿ’ ಎಂಬ ಯೋಜನೆಯನ್ನು ತೆರೆದು ತೀರ ಬಡ ದೇಶಗಳ ಸಂಸ್ಥೆಗಳಿಗೆ ಉಚಿತ ಪ್ರವೇಶ ಕೊಟ್ಟಿತು, ವೈದ್ಯರು ಒಬ್ಬೊಬ್ಬರಾಗಿ ಅರ್ಜಿ ಹಾಕಿ ಬೇಡಬೇಕಾಗಿರಲಿಲ್ಲ. ಸಮ್ಮೇಳನಗಳಲ್ಲಿ ಇಂದಿಗೂ ಒಬ್ಬೊಬ್ಬರೇ ಬೇಡುತ್ತಿದ್ದೇವೆ. ಮೂರು ಸಮ್ಮೇಳನಗಳಲ್ಲಿ ಒಂದಾದರೂ ಬಡ ದೇಶಗಳ ವೈದ್ಯರು ವೀಸಾ ಇಲ್ಲದೆ, ಅಥವಾ ವಿಮಾನ ಇಳಿದ ಮೇಲೆ ವೀಸಾ ಪಡೆದು, ಸೇರಬಲ್ಲ ಊರಿನಲ್ಲಿ ನಡೆಯಲಿ. ಆರೋಗ್ಯ ವ್ಯವಸ್ಥೆಗಳ ಆ ಗೋಷ್ಠಿ ಲಿವರ್‌ಪೂಲ್ ಆದ ನಾಲ್ಕು ವರ್ಷಕ್ಕೆ, 2022ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ ಸೇರಿತ್ತು. ಇಂಥ ಊರುಗಳಲ್ಲಿ ಸಭಾಂಗಣವಿಲ್ಲ ಎಂಬ ನೆಪ ನಿಲ್ಲದು.

ಪ್ರಶ್ನೆ ಕೇಳಿದವರ ಮರುಉತ್ತರ – ಅರಿವಳಿಕೆ ವೈದ್ಯೆ

ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ, ಈ ವಾರ ರಾತ್ರಿ ಪಾಳಿಯಿತ್ತು.

ಸಮಿತಿಯ ಹಿರಿಯರು ಹೇಳಿದಂತೆ ನೋಂದಣಿ ಕಛೇರಿಯನ್ನು ಬಿಟ್ಟು ವೈಜ್ಞಾನಿಕ ಸಮಿತಿಯ ಅಧ್ಯಕ್ಷರಿಗೇ ಪತ್ರ ಬರೆದೆ. ಎರಡೇ ದಿನದಲ್ಲಿ ಉತ್ತರ ಬಂತು. ಆಹ್ವಾನ ಪತ್ರವನ್ನು ಹಣ ಕಟ್ಟಿಸಿಕೊಳ್ಳದೆ ಕಳುಹಿಸಿದ್ದಾರೆ. ಕಡಿಮೆ ದರವನ್ನು ಅನುದಾನದ ಫಲಿತಾಂಶ ಬರುವವರೆಗೆ ಹಿಡಿದಿಡುತ್ತಾರೆ, ವೀಸಾ ನಿರಾಕರಣೆಯ ಪತ್ರ ತೋರಿಸಿದರೆ ನೋಂದಣಿ ಹಣ ಪೂರ್ತಿ ಮರಳುತ್ತದೆ. ಮಕ್ಕಳ ವೈದ್ಯರೇ, ಈ ಕೊನೆಯ ವಾಕ್ಯವನ್ನು ನಿಮ್ಮ ಉತ್ತರ ಓದಿದ ಮೇಲೆ ಪತ್ರದ ಮೊದಲ ಸಾಲಿಗೆ ತಂದಿದ್ದೆ. ವಯೋಮಿತಿಯ ಬಗ್ಗೆ ‘ಮುಂದಿನ ಸಭೆಯಲ್ಲಿ ಪರಿಶೀಲಿಸುತ್ತೇವೆ’ ಎಂದಿದ್ದಾರೆ, ಆ ಸಭೆ ಈ ಸಮ್ಮೇಳನವಾದ ಮೇಲಿನದೋ ಏನೋ. ಟಿಕೆಟ್ಟನ್ನು ಸಂಘವೇ ಕೊಳ್ಳಬೇಕೆಂಬ ಕೋರಿಕೆಗೆ ಉತ್ತರವೇ ಇಲ್ಲ. ಅದನ್ನು ಕೇಳಿಯೇ ಇಲ್ಲವೆಂಬಂತೆ ಪತ್ರ ಮುಂದಕ್ಕೆ ಸಾಗಿದೆ. ಇನ್ನೊಮ್ಮೆ ಕೇಳಿದ್ದೇನೆ.

ಒಳರೋಗ ತಜ್ಞರ ಮಾತು ಮನಸ್ಸಿನಲ್ಲಿದೆ. ಸಾಲ ಮಾಡಿ ಹೋಗುವುದಿಲ್ಲ, ಕಂಪನಿಯ ಹಣವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಟಿಕೆಟ್ಟಿನ ಉತ್ತರ ತಿಂಗಳೊಳಗೆ ಬಾರದಿದ್ದರೆ ಧ್ವನಿಮುದ್ರಿತ ಮಂಡನೆಯನ್ನೇ ಕಳುಹಿಸುತ್ತೇನೆ. ಹಾಗಾದಲ್ಲಿ ಪ್ರಶ್ನೋತ್ತರದ ಹೊತ್ತಿಗೆ ಸಂಪರ್ಕ ಕಡಿದರೆ ಎರಡು ನಿಮಿಷ ಕಾಯಬೇಕೆಂದು ಅಧ್ಯಕ್ಷರಿಗೆ ಈಗಲೇ ಬರೆದಿಟ್ಟಿದ್ದೇನೆ.

ಹೋಗುವುದೇ ಆದರೆ ಆ ವಾರಕ್ಕೆ ಪಕ್ಕದ ಜಿಲ್ಲೆಯ ಅರಿವಳಿಕೆ ವೈದ್ಯರೊಬ್ಬರು ಇಲ್ಲಿಗೆ ಬರಲು ಒಪ್ಪಿದ್ದಾರೆ. ಬದಲಿಗೆ ಅವರ ಮಗಳ ಮದುವೆಯ ವಾರ ನಾನು ಅಲ್ಲಿ ಕೆಲಸ ಮಾಡಬೇಕು. ಆ ಮದುವೆಯ ದಿನಾಂಕವೂ ವೀಸಾದ ಸಂದರ್ಶನದ ದಿನಾಂಕವೂ ಒಂದೇ ವಾರಕ್ಕೆ ಬೀಳದಿರಲಿ ಎಂದು ನೋಡುತ್ತಿದ್ದೇನೆ.